ತುದಿಯನ್ನು ಹೇಗೆ ಗುರುತಿಸಬೇಕು? ಕಾಫಿ ಸೀಮೆಯ ಟನಲ್‌ಗಳ ಒಂದು ಸಮೀಕ್ಷೆ

ಕಳಸ, ಹೊರನಾಡು, ಸಂಸೆ ಕಡೆಯ ತೋಟದ ಮನೆಗಳಿಗೆ ಕಾಗದ ಬರೆಯುವವರಿಗೆ ಬಾಗಿಲ ನಂಬರು ಬೇಕಿರಲಿಲ್ಲ. ಮನೆಯ ಹೆಸರು, ಅಂಚೆ, ತಾಲ್ಲೂಕು, ‘ವಯಾ’ ಎಂದು ಹತ್ತಿರದ ಪೇಟೆ. ಅಷ್ಟು ಬರೆದರೆ ಕಾಗದ ತಲುಪುತ್ತಿತ್ತು. ಬೇಸಿಗೆಯಲ್ಲಿ ಹೊಳೆ ದಾಟಿ ಬರುವ ಅಂಚೆಯವರು ಮಳೆಗಾಲದಲ್ಲಿ ಸುತ್ತುದಾರಿ ಹಿಡಿಯುತ್ತಿದ್ದರು. ಮನೆಯ ಹೆಸರು ಮಾತ್ರ ಅದೇ ಇರುತ್ತಿತ್ತು. ತುರ್ತಿನ ಸಾಮಾನೋ ಚೀಟಿಯೋ ಇದ್ದರೆ ಪೇಟೆಯ ಪರಿಚಯದ ಅಂಗಡಿಯಲ್ಲಿ ಕೊಟ್ಟು ಹೋಗುವುದು, ತೋಟದ ರೈಟರು ಸಂತೆಗೆ ಬಂದಾಗ ಕೇಳಿ ಒಯ್ಯುವುದು. ಅಂಗಡಿಯವರು ಅದನ್ನು ಕೈಗೆ ಕೊಡುತ್ತಿದ್ದುದು ಮುಖದ ಪರಿಚಯದ ಮೇಲೆ.

ಹೆಸರಿನಿಂದ ಗುರುತಿಸುವುದು, ನಡುವಿನ ಅಂಗಡಿಯಲ್ಲಿ ಕೊಡುವುದು, ಮುಖ ನೋಡಿ ನಂಬುವುದು. ಈ ಮೂರನ್ನೂ ನೆನಪಿಸಿಕೊಳ್ಳಲು ಕಾರಣವಿದೆ. ಇಂದು ಅದೇ ತೋಟದ ಆಫೀಸಿನಲ್ಲಿ ರೂಟರ್ ಕೂತಿದೆ. ತೋಟವನ್ನೂ ಪೇಟೆಯ ಗೋದಾಮನ್ನೂ ಬೆಂಗಳೂರಿನ ಮನೆಯನ್ನೂ ಒಂದೇ ಜಾಲವಾಗಿ ಕಟ್ಟಬೇಕಾದರೆ ಅದರಲ್ಲಿ ಟನಲ್ ಹಾಕಬೇಕು. ಟನಲ್ ಹಾಕುವ ಪುಟದಲ್ಲಿ ಆಚೆ ತುದಿ ಯಾವುದು ಎಂದು ಕೇಳುವ ಒಂದು ಖಾಲಿ ಚೌಕವಿದೆ. ಅದರಲ್ಲಿ ಸಂಖ್ಯೆ ಬರೆಯಬಹುದು, ಹೆಸರು ಬರೆಯಬಹುದು, ಕೆಲವು ಪದ್ಧತಿಗಳಲ್ಲಿ ಖಾಲಿಯೇ ಬಿಡಬಹುದು. ನೋಡಲು ಸಣ್ಣ ಆಯ್ಕೆ. ಆದರೆ ಆಶ್ಲೇಷ ಮಳೆಯ ರಾತ್ರಿ ಮರ ಬಿದ್ದು ಫೈಬರ್ ಕಡಿದಾಗ ಸಂಪರ್ಕ ತಾನಾಗಿ ಮರಳಿ ಕೂಡುತ್ತದೋ, ಯಾರಾದರೂ ಜೀಪು ಹತ್ತಿ ಹೋಗಬೇಕೋ ಎಂಬುದು ಆ ಚೌಕದಲ್ಲಿ ಬರೆದದ್ದರ ಮೇಲೆಯೇ ನಿಂತಿರುತ್ತದೆ. ಮೂವತ್ತು ವರ್ಷಗಳಲ್ಲಿ ಜಾಲ ಕಟ್ಟುವವರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಒಂದೊಂದಾಗಿ ನೋಡಿ, ನಮ್ಮ ಗುಡ್ಡಗಳಿಗೆ ಯಾವುದು ಹೊಂದುತ್ತದೆ ಎಂದು ತೀರ್ಮಾನಿಸುವುದು ಈ ಬರಹದ ಉದ್ದೇಶ.

ಟನಲ್ ಎಂದರೆ

ಕುದುರೆಮುಖದ ಗಣಿ ನಡೆಯುತ್ತಿದ್ದ ಕಾಲವನ್ನು ಕಂಡವರಿಗೆ ಟನಲ್ ಅರ್ಥವಾಗುವುದು ಕಷ್ಟವಲ್ಲ. ಅಲ್ಲಿ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೊಳವೆ ಹಾದುಹೋದ ಕಾಡಿಗೂ ಹಳ್ಳಿಗೂ ಒಳಗೇನು ಹರಿಯುತ್ತಿದೆ ಎಂಬುದು ಬೇಕಿರಲಿಲ್ಲ. ಎರಡು ತುದಿಯವರಿಗೆ ಗೊತ್ತಿದ್ದರೆ ಸಾಕಿತ್ತು.

ಜಾಲದ ಟನಲ್ ಕೂಡ ಹಾಗೆಯೇ. ತೋಟದ ಕ್ಯಾಮೆರಾದಿಂದ ಹೊರಟ ಪ್ಯಾಕೆಟ್ ಮೇಲೆ ಒಳವಿಳಾಸ ಇರುತ್ತದೆ. ಅದು ಮನೆಯವರು ತಮ್ಮೊಳಗೆ ಇಟ್ಟುಕೊಂಡ ವಿಳಾಸ; ಹೊರಗಿನ ಇಂಟರ್ನೆಟ್‌ಗೆ ಅದರ ಅರ್ಥ ಗೊತ್ತಿಲ್ಲ. ರೂಟರ್ ಆ ಪ್ಯಾಕೆಟ್ಟನ್ನು ಇನ್ನೊಂದು ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಎರಡು ತುದಿಗಳ ಹೊರವಿಳಾಸ ಬರೆದು ಕಳಿಸುತ್ತದೆ. ಆಚೆಯ ರೂಟರ್ ಲಕೋಟೆ ಒಡೆದು ಒಳಗಿನದನ್ನು ತನ್ನ ಮನೆಯ ಜಾಲಕ್ಕೆ ಬಿಡುತ್ತದೆ. ಒಳವಿಳಾಸ ನಮ್ಮ ಕೈಯಲ್ಲಿದೆ, ಬದಲಾಗುವ ಕಾರಣವಿಲ್ಲ. ತೊಂದರೆಯೆಲ್ಲ ಹೊರವಿಳಾಸದ್ದು, ಏಕೆಂದರೆ ಅದು ಸಂಪರ್ಕ ಕೊಟ್ಟ ಕಂಪನಿಯ ಕೈಯಲ್ಲಿದೆ.

ಗುಡ್ಡದ ಸ್ಥಿತಿ

ಮೂಡಿಗೆರೆ ಸುತ್ತಿನ ಒಂದು ತೋಟವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕುಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಪಾರ್ಚ್‌ಮೆಂಟಿನ ಮೇಲೆ ಕಣ್ಣಿಡಲು ಕ್ಯಾಮೆರಾ ಬೇಕು. ಪಲ್ಪರ್ ಮನೆಯ ಮೀಟರ್, ಆಫೀಸಿನ ಲೆಕ್ಕದ ಕಂಪ್ಯೂಟರ್, ಮಳೆ ಅಳೆಯುವ ಯಂತ್ರ, ರೊಬಸ್ಟಾ ಹೂವಿಗೆ ನೀರು ಹಾರಿಸುವ ಹೊತ್ತಿನಲ್ಲಿ ಕೆರೆಯ ದಂಡೆಯ ಪಂಪು, ಇವೆಲ್ಲ ಚಿಕ್ಕಮಗಳೂರಿನ ಮನೆಗೋ ಬೆಂಗಳೂರಿನಲ್ಲಿರುವ ಮಗಳ ಫೋನಿಗೋ ಕಾಣಬೇಕು. ತೋಟಕ್ಕೆ ಬರುವ ಫೈಬರ್ ಬಹುದೂರ ಕಂಬದಿಂದ ಕಂಬಕ್ಕೆ, ಮರದ ಕೆಳಗೆ ತೂಗಿಕೊಂಡು ಬಂದಿರುತ್ತದೆ. ಅದಕ್ಕೆ ಜೊತೆಯಾಗಿ ರೂಟರಿನಲ್ಲಿ ಒಂದು ಮೊಬೈಲ್ ಸಿಮ್. ಗಾಳಿಮಳೆಯಲ್ಲಿ ಕರೆಂಟು ಹೋಗುವುದು ಇಲ್ಲಿ ಸುದ್ದಿಯಲ್ಲ. ಯುಪಿಎಸ್ ಬ್ಯಾಟರಿ ಮುಗಿದು ರೂಟರ್ ಆರಿ, ಮತ್ತೆ ಹತ್ತಿದಾಗ ಫೈಬರಿನವರು ಅದಕ್ಕೆ ಹೊಸ ವಿಳಾಸ ಕೊಟ್ಟಿರಬಹುದು. ಫೈಬರ್ ಕಡಿದು ಸಿಮ್‌ಗೆ ಹೋದರೆ ವಿಳಾಸವೂ ಬೇರೆ, ಕಂಪನಿಯೂ ಬೇರೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಐಪಿ ನಾಲ್ಕನೇ ಆವೃತ್ತಿಯ ವಿಳಾಸಗಳ ಜಾಗತಿಕ ಕಣಜ 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ಏಷ್ಯಾ ಪೆಸಿಫಿಕ್ ವಲಯಕ್ಕೆ ಅದೇ ಏಪ್ರಿಲ್‌ನಿಂದಲೇ ಪಡಿತರ ಶುರುವಾಯಿತು. ಅಂದಿನಿಂದ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವ ನ್ಯಾಟ್ ಪದ್ಧತಿಗೆ ಹೊರಳಿದವು. ಅದಕ್ಕೆಂದೇ 2012ರಲ್ಲಿ 100.64.0.0ಯಿಂದ 100.127.255.255ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ನಿಮ್ಮ ರೂಟರಿನ ಹೊರಮುಖದಲ್ಲಿ ಈ ವ್ಯಾಪ್ತಿಯ ಸಂಖ್ಯೆಯೋ, 10ರಿಂದ ಶುರುವಾಗುವ ಸಂಖ್ಯೆಯೋ ಕಂಡರೆ ನೀವು ದೊಡ್ಡ ವಠಾರದ ಒಳಕೋಣೆಯಲ್ಲಿದ್ದೀರಿ ಎಂದರ್ಥ. ಒಳಗಿನಿಂದ ಹೊರಗೆ ಹೋಗಬಹುದು. ಹೊರಗಿನವರು ವಠಾರದ ಹೆಬ್ಬಾಗಿಲಿಗೆ ಬಂದು ನಿಮ್ಮನ್ನು ಕೇಳಿದರೆ ಕಾವಲುಗಾರನಿಗೆ ನೀವು ಯಾರೆಂದೇ ಗೊತ್ತಿಲ್ಲ. ಮೊಬೈಲ್ ಸಿಮ್‌ಗಳಲ್ಲಿ ಇದು ಸಾಮಾನ್ಯ. ಫೈಬರಿನಲ್ಲೂ ಸ್ಟ್ಯಾಟಿಕ್ ಐಪಿಗೆ, ಅಂದರೆ ಬದಲಾಗದ ವಿಳಾಸಕ್ಕೆ, ಬೇರೆ ದುಡ್ಡು ಕಟ್ಟದಿದ್ದರೆ ಹೀಗೇ ಇರುವುದು ಅಪರೂಪವಲ್ಲ.

ಹೀಗೆ ಕೆಳಗಿನ ತುದಿ, ಅಂದರೆ ಪೇಟೆಯದ್ದು, ಒಂದು ಕಡೆ ನಿಲ್ಲಬಲ್ಲದು. ಮೇಲಿನ ತುದಿ ನಿಲ್ಲಲಾರದು. ಮುಂದಿನ ಪ್ರತಿಯೊಂದು ಪದ್ಧತಿಯನ್ನೂ ಈ ಒರೆಗಲ್ಲಿನ ಮೇಲೆ ತಿಕ್ಕಿ ನೋಡಬೇಕು.

ಮೊದಲ ಉತ್ತರ: ಸಂಖ್ಯೆ

ಅತ್ಯಂತ ಹಳೆಯ, ಸರಳ ಉತ್ತರವೆಂದರೆ ಎರಡೂ ತುದಿಗಳ ಐಪಿ ಸಂಖ್ಯೆಯನ್ನೇ ಬರೆಯುವುದು. 1994ರಲ್ಲಿ ಪ್ರಕಟವಾಗಿ 2000ದಲ್ಲಿ ಪರಿಷ್ಕಾರಗೊಂಡ ಜಿಆರ್‌ಇ ಎಂಬ ಲಕೋಟೆ ಪದ್ಧತಿ, 1996ರ ಐಪಿ-ಒಳಗೆ-ಐಪಿ ಪದ್ಧತಿ, ಎರಡೂ ಹೀಗೆಯೇ ನಡೆಯುತ್ತವೆ. ಇಲ್ಲಿಂದ ಈ ಸಂಖ್ಯೆ, ಅಲ್ಲಿಗೆ ಆ ಸಂಖ್ಯೆ. ಹೆಸರು ಬಿಡಿಸುವ ಇನ್ನೊಂದು ಸೇವೆಯ ಹಂಗಿಲ್ಲ. ರೂಟರ್ ಹತ್ತಿದ ಕ್ಷಣದಲ್ಲಿ ಟನಲ್ ಸಿದ್ಧ. ಹುಡುಕಾಟವಿಲ್ಲದ ಈ ಗುಣಕ್ಕೆ ಇಂದಿಗೂ ಬೆಲೆಯಿದೆ.

ಕೊರತೆಗಳು ಮೂರು. ವಿಳಾಸ ಬದಲಾದ ದಿನ ಟನಲ್ ಸಾಯುತ್ತದೆ, ಸತ್ತದ್ದನ್ನು ಹೇಳುವುದೂ ಇಲ್ಲ. ಜಿಆರ್‌ಇ ಟನಲ್‌ಗೆ ಸ್ವಂತ ನೆನಪಿಲ್ಲದ ಕಾರಣ ಆಚೆ ತುದಿ ಇಲ್ಲವಾದರೂ ಈಚೆ ರೂಟರ್ ‘ಸರಿಯಿದೆ’ ಎಂದೇ ತೋರಿಸುತ್ತಿರಬಹುದು; ಅದಕ್ಕೆಂದು ಆಗಾಗ ಕೂಗಿ ನೋಡುವ ಕೀಪಲೈವ್ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಹಾಕಬೇಕು. ಎರಡನೆಯದು, ಜಿಆರ್‌ಇಗೆ ಪೋರ್ಟ್ ಸಂಖ್ಯೆ ಇಲ್ಲ. ವಠಾರದ ಹೆಬ್ಬಾಗಿಲು ಒಬ್ಬೊಬ್ಬರನ್ನೂ ಬೇರ್ಪಡಿಸುವುದು ಪೋರ್ಟ್ ಸಂಖ್ಯೆಯಿಂದ, ಆದ್ದರಿಂದ ಹಂಚಿಕೊಂಡ ವಿಳಾಸದ ಹಿಂದೆ ಜಿಆರ್‌ಇಯನ್ನು ನೆಚ್ಚುವಂತಿಲ್ಲ. ಮೂರನೆಯದು ಭದ್ರತೆ. ಇಲ್ಲಿ ಗುರುತು ಎಂದರೆ ಬಂದ ಲಕೋಟೆಯ ಮೇಲಿನ ಸಂಖ್ಯೆ ಮಾತ್ರ, ಅದನ್ನು ಯಾರು ಬೇಕಾದರೂ ಬರೆಯಬಹುದು. ಜಿಆರ್‌ಇಯಲ್ಲಿ ‘ಕೀ’ ಎಂಬ 32 ಬಿಟ್‌ಗಳ ಒಂದು ಅಂಕಣವಿದೆ. ಹೆಸರು ನೋಡಿ ಅದನ್ನು ಬೀಗ ಎಂದು ತಿಳಿದವರಿದ್ದಾರೆ. ಅದು ಮೂಟೆಯ ಮೇಲಿನ ಗುರುತಿನ ಚೀಟಿಯಷ್ಟೇ; ದಾರಿಯಲ್ಲಿ ನೋಡಿದವರೆಲ್ಲ ಓದಬಹುದು.

ಚಿಕ್ಕಮಗಳೂರು ಪೇಟೆಯ ಎರಡು ಕಟ್ಟಡಗಳಿಗೆ ಸ್ಟ್ಯಾಟಿಕ್ ಐಪಿ ಇದ್ದರೆ ಸಂಖ್ಯೆಯ ಪದ್ಧತಿ ಸಾಕು, ಅದರ ಮೇಲೆ ಎನ್‌ಕ್ರಿಪ್ಷನ್ ಹೊದಿಸಿದರೆ. ತೋಟದ ತುದಿಗೆ ಇದು ಹೊಂದುವುದಿಲ್ಲ.

ನಮ್ಮ ತುದಿಯದೂ ಒಂದು ಪ್ರಶ್ನೆ

ಆಚೆ ತುದಿಯ ಬಗ್ಗೆ ಯೋಚಿಸುವವರು ಈಚೆ ತುದಿಯನ್ನು ಮರೆಯುತ್ತಾರೆ. ಟನಲ್ ಎಲ್ಲಿಂದ ಹೊರಡಬೇಕು ಎಂಬುದನ್ನೂ ಮೂರು ಬಗೆಯಲ್ಲಿ ಹೇಳಬಹುದು: ಸಂಖ್ಯೆಯಾಗಿ, ಫೈಬರ್ ಮುಖ ಅಥವಾ ಸಿಮ್ ಮುಖ ಎಂದು ಇಂಟರ್‌ಫೇಸಿನ ಹೆಸರಾಗಿ, ಅಥವಾ ಲೂಪ್‌ಬ್ಯಾಕ್ ಎಂಬ ರೂಟರಿನೊಳಗಿನ ಕಲ್ಪಿತ ಮುಖವಾಗಿ. ಸಂಖ್ಯೆಗಿಂತ ಇಂಟರ್‌ಫೇಸಿನ ಹೆಸರು ವಾಸಿ; ವಿಳಾಸ ಬದಲಾದರೆ ರೂಟರ್ ಹೊಸದನ್ನು ತಾನೇ ಎತ್ತಿಕೊಳ್ಳುತ್ತದೆ. ಆದರೆ ಫೈಬರ್ ಮುಖಕ್ಕೆ ಕಟ್ಟಿದ ಟನಲ್ ಫೈಬರ್ ಕಡಿದರೆ ಸಿಮ್‌ಗೆ ಹಾರುವುದಿಲ್ಲ. ಪ್ರತಿ ದಾರಿಗೂ ಒಂದೊಂದು ಟನಲ್ ಹಾಕಿ, ಯಾವುದು ಜೀವಂತವೋ ಅದರ ಮೇಲೆ ಕಳಿಸು ಎಂದು ಹೇಳಬೇಕು. ಇಲ್ಲವೇ ಹೊರಡುವ ಮುಖವನ್ನು ಬಿಗಿಯದೆ ಬಿಡುವ ಪದ್ಧತಿ ಆರಿಸಬೇಕು.

ಲೂಪ್‌ಬ್ಯಾಕ್ ದೊಡ್ಡ ಜಾಲಗಳಲ್ಲಿ ಬಹಳ ಮೆಚ್ಚಿನದು. ರೂಟರ್ ಬದುಕಿರುವವರೆಗೆ ಅದು ಬೀಳುವುದಿಲ್ಲ, ಯಾವ ತಂತಿ ಕಡಿದರೂ ಉಳಿದ ತಂತಿಯಿಂದ ಅದನ್ನು ತಲುಪಬಹುದು. ಜಿಲ್ಲೆ, ತಾಲ್ಲೂಕು ಕೇಂದ್ರಗಳನ್ನು ಕೂಡಿಸುವ ರಾಜ್ಯದ ಕೆ-ಸ್ವಾನ್‌ನಂಥ ಸ್ವಂತ ಜಾಲಕ್ಕೋ, ಶಾಖೆಗಳನ್ನು ಬಾಡಿಗೆ ಲೈನಿನಿಂದ ಕಟ್ಟಿದ ಬ್ಯಾಂಕಿಗೋ ಅದು ತಕ್ಕದ್ದು, ಏಕೆಂದರೆ ಒಳಗಿನ ದಾರಿಗಳೆಲ್ಲ ಅವರವೇ. ಮನೆಯ ಫೈಬರಿನ ಮೇಲೆ ಕೂತ ತೋಟಕ್ಕೆ ಅದು ಸಲ್ಲದು. ತೋಟದ ಲೂಪ್‌ಬ್ಯಾಕ್ ವಿಳಾಸವನ್ನು ಇಂಟರ್ನೆಟ್ ಕೇಳಿಯೇ ಇಲ್ಲ.

ಇಲ್ಲೊಂದು ಬಲೆಯಿದೆ, ಅನುಭವಸ್ಥರೂ ಬಿದ್ದಿರುವ ಬಲೆ. ಟನಲ್ ಮೇಲೆ ಬಂದ ದಾರಿಗಳಲ್ಲಿ ಟನಲ್ಲಿನ ಆಚೆ ತುದಿಗೆ ಹೋಗುವ ದಾರಿಯೂ ಸೇರಿಕೊಂಡರೆ ರೂಟರ್ ಲಕೋಟೆಯನ್ನು ಮತ್ತೆ ಅದೇ ಟನಲ್‌ಗೆ ತುರುಕಲು ನೋಡುತ್ತದೆ. ಘಟ್ಟದ ಸುರಂಗದ ಬಾಯಿಗೆ ಹೋಗಲು ಅದೇ ಸುರಂಗದ ಒಳಗಿಂದ ಬನ್ನಿ ಎಂದಂತೆ. ಸಿಸ್ಕೊ ರೂಟರ್ ಇದನ್ನು ಕಂಡುಹಿಡಿದು ಟನಲ್ಲನ್ನು ತಾತ್ಕಾಲಿಕವಾಗಿ ಇಳಿಸುತ್ತದೆ. ಇಳಿದೊಡನೆ ತಪ್ಪು ದಾರಿ ಮಾಯವಾಗಿ ಟನಲ್ ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಏಳುವ ಬೀಳುವ ಈ ಆಟ ಕಂಡರೆ ಫೈಬರಿನವರನ್ನು ದೂರುವ ಮೊದಲು ಇದನ್ನು ನೋಡಬೇಕು. ಪರಿಹಾರ ಸುಲಭ: ಆಚೆ ತುದಿಯ ಹೊರವಿಳಾಸಕ್ಕೆ ಮಾತ್ರ ನೇರ ಫೈಬರಿನ ಮೇಲೊಂದು ಖಾಯಂ ದಾರಿ ಬರೆದಿಡುವುದು.

ಎರಡನೆಯ ಉತ್ತರ: ಹೆಸರು

1987ರಲ್ಲಿ ಪೌಲ್ ಮೊಕಪೆಟ್ರಿಸ್ ಅವರ ಬರಹಗಳಿಂದ, ಹೆಸರನ್ನು ಸಂಖ್ಯೆಗೆ ಬಿಡಿಸುವ ಡಿಎನ್‌ಎಸ್ ಇಂದಿನ ರೂಪ ಪಡೆದಾಗಿನಿಂದಲೂ ಸಂಖ್ಯೆಯ ಬದಲು ಹೆಸರು ಬರೆಯುವ ಆಸೆ ಇದ್ದೇ ಇದೆ. ಮಲೆನಾಡಿನ ಮನೆಯ ಹೆಸರಿನ ಹಾಗೆ, ದಾರಿ ಬದಲಾದರೂ ಹೆಸರು ನಿಲ್ಲುತ್ತದೆ.

ಈ ಚರ್ಚೆಯನ್ನು ಇಂಟರ್ನೆಟ್ಟಿನ ಮಾನಕ ಬರೆಯುವವರೇ ಗಂಭೀರವಾಗಿ ಮಾಡಿದ್ದಾರೆ. ಐಪಿ ಆರನೇ ಆವೃತ್ತಿಯ ಜಾಲದ ಮೇಲೆ ನಾಲ್ಕನೇ ಆವೃತ್ತಿಯ ಸಂಚಾರವನ್ನು ಟನಲ್ಲಿನಲ್ಲಿ ಸಾಗಿಸುವ ಡಿಎಸ್-ಲೈಟ್ ಪದ್ಧತಿ 2011ರಲ್ಲಿ ಬಂತು. ಮನೆಯ ರೂಟರ್‌ಗೆ ಕಂಪನಿಯ ಕಡೆಯ ಟನಲ್ ತುದಿ ಯಾವುದೆಂದು ತಿಳಿಸಲು ಅದೇ ವರ್ಷ ಬಂದ ಆರ್‌ಎಫ್‌ಸಿ 6334 ಎಂಬ ಮಾನಕ ಆರಿಸಿಕೊಂಡದ್ದು ಹೆಸರನ್ನು. ಹೆಸರು ಕೊಟ್ಟರೆ ಕಂಪನಿಯು ಭಾರವನ್ನು ಹಲವು ಯಂತ್ರಗಳಿಗೆ ಹಂಚಬಹುದು, ಯಂತ್ರ ಬದಲಿಸಿದಾಗ ಮನೆಮನೆಯ ರೂಟರ್ ತಿದ್ದಬೇಕಿಲ್ಲ. 2014ರ ಆರ್‌ಎಫ್‌ಸಿ 7227 ವಿಳಾಸ ಕೊಡಬೇಕೋ ಹೆಸರು ಕೊಡಬೇಕೋ ಎಂಬ ಪ್ರಶ್ನೆಗೆ ಒಂದು ಭಾಗವನ್ನೇ ಮೀಸಲಿಟ್ಟಿತು. ಹೆಸರು ಎಂದರೆ ಇನ್ನೊಂದು ಹುಡುಕಾಟ, ಇನ್ನೊಂದು ಅವಲಂಬನೆ. ವಿಳಾಸ ಎಂದರೆ ಹಳಸುವ ಭಯ. ಒಂದೇ ಸಂಗತಿಯನ್ನು ಹೇಳಲು ಎರಡೆರಡು ದಾರಿ ಇಡುವುದು ಗೊಂದಲಕ್ಕೆ ದಾರಿ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ನಮ್ಮ ಮಟ್ಟದಲ್ಲಿ ಹೆಸರಿನ ಪದ್ಧತಿಯ ತೊಡಕುಗಳು ನಾಲ್ಕು. ಮೊದಲನೆಯದು, ಬಹಳಷ್ಟು ರೂಟರ್‌ಗಳು ಹೆಸರನ್ನು ಒಮ್ಮೆ ಮಾತ್ರ ಬಿಡಿಸುತ್ತವೆ. ಬರೆದ ಕ್ಷಣದಲ್ಲೋ, ರೂಟರ್ ಹತ್ತಿದಾಗಲೋ ಸಿಕ್ಕ ಸಂಖ್ಯೆಯನ್ನೇ ಹಿಡಿದುಕೊಂಡು ಕೂರುತ್ತವೆ. ಹೆಸರು ಬರೆದಿದ್ದೇವೆ, ಇನ್ನು ಚಿಂತೆಯಿಲ್ಲ ಎಂದುಕೊಂಡವರು ಪೇಟೆಯ ವಿಳಾಸ ಬದಲಾದ ದಿನ ಕಂಗಾಲಾಗುತ್ತಾರೆ. ಮುಂದೆ ಹೇಳಲಿರುವ ವೈರ್‌ಗಾರ್ಡ್ ಕೂಡ ಹೀಗೆಯೇ. ಲಿನಕ್ಸ್ ಕರ್ನೆಲ್ಲಿಗೆ ಸಂಖ್ಯೆ ಮಾತ್ರ ಗೊತ್ತು. ಸಂಪರ್ಕ ತಣ್ಣಗಾದರೆ ಹೆಸರನ್ನು ಮತ್ತೆ ಬಿಡಿಸುವ ಒಂದು ಪುಟ್ಟ ಸ್ಕ್ರಿಪ್ಟ್ ಅದರ ಸಾಧನಗಳ ಜೊತೆಗೇ ಬರುತ್ತದೆ, ಅದನ್ನು ನಾವೇ ಓಡಿಸಬೇಕು.

ಎರಡನೆಯದು, ಹೆಸರು ಬಿಡಿಸುವವರು ಯಾರು? ಡಿಎನ್‌ಎಸ್ ಸರ್ವರ್ ಟನಲ್ಲಿನ ಆಚೆಗಿದ್ದರೆ ಟನಲ್ ಏಳಲು ಹೆಸರು ಬೇಕು, ಹೆಸರು ಬಿಡಿಸಲು ಟನಲ್ ಬೇಕು. ಸುರಂಗದ ಬಾಯಿಯ ಬಲೆಯೇ ಇನ್ನೊಂದು ವೇಷದಲ್ಲಿ. ಮೂರನೆಯದು, ಬದಲಾಗುವ ವಿಳಾಸವನ್ನು ತಾನಾಗಿ ನೋಂದಾಯಿಸುವ ಡೈನಮಿಕ್ ಡಿಎನ್‌ಎಸ್. ಸಾರ್ವಜನಿಕ ವಿಳಾಸ ನಿಜವಾಗಿ ನಿಮ್ಮದಾಗಿದ್ದರೆ ಅದು ಬಹಳ ಉಪಕಾರಿ. ವಠಾರದ ಹಿಂದಿದ್ದರೆ ಅದು ನೋಂದಾಯಿಸುವುದು ಹೆಬ್ಬಾಗಿಲಿನ ವಿಳಾಸವನ್ನು; ಹೆಸರು ಸರಿಯಾಗಿ ಬಿಡಿಸಿಕೊಳ್ಳುತ್ತದೆ, ಸಂಪರ್ಕ ಮಾತ್ರ ಕೂಡುವುದಿಲ್ಲ. ನಾಲ್ಕನೆಯದು ಒಡೆತನ. ರೂಟರ್ ತಯಾರಿಸಿದವರು ಉಚಿತವಾಗಿ ಕೊಡುವ ಹೆಸರು ಕೆಲವೊಮ್ಮೆ ಆ ಪೆಟ್ಟಿಗೆಯ ಸೀರಿಯಲ್ ಸಂಖ್ಯೆಗೇ ಕಟ್ಟಿಕೊಂಡಿರುತ್ತದೆ. ಸಿಡಿಲಿಗೆ ಪೆಟ್ಟಿಗೆ ಸುಟ್ಟರೆ ಹೆಸರೂ ಹೋಯಿತು. ಸ್ವಂತ ಡೊಮೇನ್ ಕೊಂಡು ಅದರಡಿ ಹೆಸರಿಟ್ಟು, ಬೇಕಿದ್ದರೆ ಅದನ್ನು ತಯಾರಕರ ಹೆಸರಿಗೆ ತೋರಿಸುವುದು ಬುದ್ಧಿವಂತಿಕೆ.

ಬರೆಯುವುದೇ ಬೇಡ ಎಂದ ಪ್ರಯೋಗ

ತುದಿಯನ್ನು ಮನುಷ್ಯರು ಬರೆಯುವುದೇ ಬೇಡ, ವಿಳಾಸದೊಳಗೇ ಅಡಗಿಸಿಡೋಣ ಎಂದು 2001ರಲ್ಲಿ 6ಟು4 ಎಂಬ ಪದ್ಧತಿ ಬಂತು. ‘2002’ ಎಂಬ ಅಂಕೆಗಳಿಂದ ಆರಂಭವಾಗುವ ಆರನೇ ಆವೃತ್ತಿಯ ವಿಳಾಸದ ಹೊಟ್ಟೆಯಲ್ಲೇ ನಾಲ್ಕನೇ ಆವೃತ್ತಿಯ ವಿಳಾಸವಿರುತ್ತಿತ್ತು; ಅದನ್ನು ತೆಗೆದು ಲಕೋಟೆಗೆ ಬರೆದರಾಯಿತು. ಹೊರಜಗತ್ತಿಗೆ ದಾಟಿಸಲು 192.88.99.1 ಎಂಬ ಒಂದೇ ವಿಳಾಸವನ್ನು ಜಗತ್ತಿನ ಅನೇಕ ಯಂತ್ರಗಳು ಹಂಚಿಕೊಂಡವು. ಬರೆಯುವ ಕಷ್ಟ ತಪ್ಪಿತು. ಜೊತೆಗೆ ಹೊಣೆಗಾರಿಕೆಯೂ ತಪ್ಪಿತು. ನಿಮ್ಮ ಪ್ಯಾಕೆಟ್ ಯಾರ ಯಂತ್ರದ ಮೂಲಕ ದಾಟುತ್ತದೆ, ಅದು ಹಾಳಾದರೆ ಯಾರನ್ನು ಕೇಳಬೇಕು ಎಂಬುದು ಯಾರಿಗೂ ತಿಳಿಯದಾಯಿತು. 2015ರಲ್ಲಿ ಆ ಹಂಚಿಕೆಯ ವಿಳಾಸವನ್ನು ಮಾನಕದಿಂದ ಹಿಂತೆಗೆದುಕೊಂಡರು. ಆಚೆ ತುದಿಯನ್ನು ಹೇಗೆ ಬರೆದರೂ ಅದರ ಹೊಣೆ ಹೊತ್ತ ಒಬ್ಬರು ಇರಬೇಕು. ಆ ಪ್ರಯೋಗ ಉಳಿಸಿಹೋದ ಪಾಠ ಇದು.

ಮೂರನೆಯ ಉತ್ತರ: ಮುಖ

ಈಗ ಮುಖ್ಯ ಸಂಗತಿಗೆ ಬರೋಣ. ಟನಲ್ಲನ್ನು ಎನ್‌ಕ್ರಿಪ್ಟ್ ಮಾಡುವ ಐಪಿಸೆಕ್ ಪದ್ಧತಿಯ ಹಳೆಯ ಮಾತುಕತೆಯ ಕ್ರಮ, 1998ರ ಐಕೆಇ, ಒಂದು ವಿಚಿತ್ರ ಇಕ್ಕಟ್ಟಿನಲ್ಲಿತ್ತು. ಎರಡೂ ಕಡೆಯವರು ಮೊದಲೇ ಹಂಚಿಕೊಂಡ ಗುಟ್ಟಿನ ಪದ ಬಳಸಿದರೆ, ಸುರಕ್ಷಿತವಾದ ‘ಮೇನ್ ಮೋಡ್’ನಲ್ಲಿ ಎದುರಿನವರು ಯಾರೆಂದು ತಿಳಿಯಲು ಅವರ ಐಪಿ ವಿಳಾಸ ಒಂದೇ ಗತಿ. ಹೆಸರು ಹೇಳುವ ಮಾತು ಎನ್‌ಕ್ರಿಪ್ಟ್ ಆಗಿರುತ್ತಿತ್ತು. ಅದನ್ನು ಬಿಡಿಸಲು ಯಾರ ಗುಟ್ಟು ಬಳಸಬೇಕೆಂದು ತಿಳಿಯಬೇಕಾದರೆ ಹೆಸರು ಬೇಕಿತ್ತು. ವಿಳಾಸ ಬದಲಾಗುವವರು ಗುರುತನ್ನು ಬಯಲಲ್ಲಿ ಹೇಳುವ ‘ಅಗ್ರೆಸಿವ್ ಮೋಡ್’ಗೆ ಹೋಗಬೇಕಾಗುತ್ತಿತ್ತು, ಅದರಲ್ಲಿ ದುರ್ಬಲ ಗುಟ್ಟನ್ನು ಊಹಿಸಿ ಮುರಿಯಲು ಕಳ್ಳರಿಗೆ ಸಾಮಗ್ರಿ ಸಿಗುತ್ತಿತ್ತು. 2005ರ ಐಕೆಇ ಎರಡನೇ ಆವೃತ್ತಿ ಈ ಗಂಟು ಬಿಡಿಸಿತು. ಗುರುತು ಒಂದು ಹೆಸರಾಗಿರಬಹುದು, ಮಿಂಚಂಚೆಯ ರೂಪದಲ್ಲಿರಬಹುದು, ಪ್ರಮಾಣಪತ್ರವಾಗಿರಬಹುದು. ಎಲ್ಲಿಂದ ಬಂದರೂ ಗುರುತು ಸರಿಯಿದ್ದರೆ ಒಳಗೆ. ಅದೇ ವರ್ಷ ಮಾನಕವಾದ ನ್ಯಾಟ್ ದಾಟುವ ಕ್ರಮವು ಲಕೋಟೆಯನ್ನು ಯುಡಿಪಿ 4500 ಪೋರ್ಟಿನ ಮೇಲೆ ಹಾಕಿ ವಠಾರದ ಹೆಬ್ಬಾಗಿಲನ್ನು ದಾಟಿಸಿತು. 2006ರ ಮೊಬೈಕ್ ವಿಸ್ತರಣೆಯಿಂದ ನಡುವೆ ವಿಳಾಸ ಬದಲಾದರೂ ಟನಲ್ ಕಡಿಯದೆ ಉಳಿಯುವುದು ಸಾಧ್ಯವಾಯಿತು.

ಜೇಸನ್ ಡೊನೆನ್‌ಫೆಲ್ಡ್ 2017ರಲ್ಲಿ ವಿದ್ವತ್ ಸಮ್ಮೇಳನವೊಂದರಲ್ಲಿ ಮಂಡಿಸಿದ, 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರೊಳಗೆ ಸೇರಿದ ವೈರ್‌ಗಾರ್ಡ್ ಇದೇ ವಿಚಾರವನ್ನು ತುದಿಮುಟ್ಟಿಸಿತು. ಅದರಲ್ಲಿ ಎದುರಿನವರು ಎಂದರೆ 44 ಅಕ್ಷರಗಳಲ್ಲಿ ಬರೆಯುವ ಒಂದು ಸಾರ್ವಜನಿಕ ಕೀಲಿ. ವಿಳಾಸದ ಚೌಕ ಐಚ್ಛಿಕ. ಪೇಟೆಯ ರೂಟರಿನಲ್ಲಿ ತೋಟದ ಕೀಲಿಯನ್ನು ಮಾತ್ರ ಬರೆದು ವಿಳಾಸವನ್ನು ಖಾಲಿ ಬಿಡಬಹುದು. ತೋಟದಿಂದ ಸರಿಯಾದ ಕೀಲಿಯ ಪ್ಯಾಕೆಟ್ ಬಂದೊಡನೆ ಅದು ಎಲ್ಲಿಂದ ಬಂತೋ ಅದೇ ಈಗಿನ ವಿಳಾಸ ಎಂದು ಪೇಟೆಯ ರೂಟರ್ ನೆನಪಿಟ್ಟುಕೊಳ್ಳುತ್ತದೆ. ಫೈಬರ್ ಕಡಿದು ಸಿಮ್ಮಿನಿಂದ ಮುಂದಿನ ಪ್ಯಾಕೆಟ್ ಬಂದರೆ ನೆನಪು ತಾನಾಗಿ ತಿದ್ದಿಕೊಳ್ಳುತ್ತದೆ. ಯಾರೂ ಏನನ್ನೂ ಬರೆಯಬೇಕಿಲ್ಲ. ಅಂಗಡಿಯವರು ರೈಟರ ಮುಖ ನೋಡಿ ಚೀಟಿ ಕೊಡುತ್ತಿದ್ದುದು ಇದೇ ಕ್ರಮದಲ್ಲಿ.

ಒಂದು ಕೆಲಸ ಮಾತ್ರ ತೋಟದ ಪಾಲಿಗೆ ಉಳಿಯುತ್ತದೆ. ಮಾತಿಲ್ಲದೆ ಸುಮ್ಮನಿದ್ದರೆ ವಠಾರದ ಕಾವಲುಗಾರ ಆ ಸಂಪರ್ಕವನ್ನು ಮರೆತುಬಿಡುತ್ತಾನೆ, ಆಗ ಪೇಟೆಯಿಂದ ತೋಟವನ್ನು ಕರೆಯಲಾಗುವುದಿಲ್ಲ. ಆದ್ದರಿಂದ ತೋಟದ ರೂಟರ್ ಆಗಾಗ ಒಂದು ಖಾಲಿ ಕೂಗು ಹಾಕುತ್ತಿರಬೇಕು. ಐಪಿಸೆಕ್‌ನ ಮಾನಕ ಇದಕ್ಕೆ 20 ಸೆಕೆಂಡುಗಳ ಅಂತರ ಹೇಳುತ್ತದೆ; ವೈರ್‌ಗಾರ್ಡ್‌ನವರು ಸೂಚಿಸುವುದು 25 ಸೆಕೆಂಡು. ಇದನ್ನು ತೋಟದ ತುದಿಯಲ್ಲೇ ಹಾಕಬೇಕು. ಪೇಟೆಯ ತುದಿಯಲ್ಲಿ ಮಾತ್ರ ಹಾಕಿ, ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ಸಾಮಾನ್ಯ ತಪ್ಪು.

ತೋಟಗಳು ಹಲವಾದರೆ

ಒಂದು ಕುಟುಂಬಕ್ಕೋ ಸಹಕಾರ ಸಂಘಕ್ಕೋ ಹತ್ತಾರು ಜಾಗಗಳಿದ್ದರೆ ಎಲ್ಲರೂ ಎಲ್ಲರ ತುದಿಯನ್ನು ಬರೆಯಲಾಗದು. ಹತ್ತು ಜಾಗಗಳ ನಡುವೆ 45 ಜೋಡಿಗಳಾಗುತ್ತವೆ. ಇಲ್ಲಿ ನಡುವೆ ಒಂದು ನೋಂದಣಿ ಪುಸ್ತಕ ಬೇಕು. 1998ರಲ್ಲಿ ಮಾನಕವಾದ ಎನ್‌ಎಚ್‌ಆರ್‌ಪಿ ಅಂಥದ್ದು. ಅದನ್ನು ಬಳಸುವ ಸಿಸ್ಕೊದ ಡಿಎಂವಿಪಿಎನ್‌ನಲ್ಲಿ ಪ್ರತಿ ಶಾಖೆ ಕೇಂದ್ರದ ವಿಳಾಸವೊಂದನ್ನೇ ಬರೆದುಕೊಂಡು, ತನ್ನ ಈಗಿನ ವಿಳಾಸವನ್ನು ಕೇಂದ್ರದಲ್ಲಿ ನೋಂದಾಯಿಸುತ್ತದೆ. ಇನ್ನೊಂದು ಶಾಖೆ ಬೇಕಾದಾಗ ಕೇಂದ್ರವನ್ನು ಕೇಳಿ ನೇರ ಟನಲ್ ಹಾಕಿಕೊಳ್ಳುತ್ತದೆ. ಡೇಟಾ ಸೆಂಟರ್‌ಗಳ ದೊಡ್ಡ ಜಾಲಗಳಲ್ಲಿ ತುದಿಗಳ ಪಟ್ಟಿಯನ್ನು ಬಿಜಿಪಿ ಎಂಬ ದಾರಿ ಸಾರುವ ಪದ್ಧತಿಯೇ ಹೊತ್ತು ತರುತ್ತದೆ. ಎರಡೂ ತುದಿ ವಠಾರದ ಹಿಂದಿದ್ದರೂ ನಡುವಿನ ಸೇವೆಯ ನೆರವಿನಿಂದ ಒಟ್ಟಿಗೆ ಕದ ತಟ್ಟಿಸಿ ನೇರ ಸಂಪರ್ಕ ಕೂಡಿಸುವ ಸೇವೆಗಳೂ ಇವೆ. ಕೂಡದಿದ್ದರೆ ಅವು ನಡುವೆ ನಿಂತು ದಾಟಿಸುತ್ತವೆ. ಅನುಕೂಲ ದೊಡ್ಡದು. ಆದರೆ ಯಾರ ಕೀಲಿ ಒಳಗೆ ಬರಬಹುದು ಎಂಬ ಪಟ್ಟಿ ಬೇರೆಯವರ ಕೈಗೆ ಹೋಗುತ್ತದೆ. ಮೂರು ನಾಲ್ಕು ಜಾಗಗಳಿರುವ ತೋಟಕ್ಕೆ ಸ್ವಂತ ಕೇಂದ್ರ ಸಾಕು.

ಗುರುತಿನಿಂದ ಅಳತೆಗೆ

ತುದಿಯನ್ನು ಹೇಗೆ ಬರೆದಿರಿ ಎಂಬುದು ಲಕೋಟೆಯ ತೂಕವನ್ನೂ ಬದಲಿಸುತ್ತದೆ. ಇದನ್ನು ಗಮನಿಸುವವರು ಕಡಿಮೆ. ಸಾಮಾನ್ಯ ಪ್ಯಾಕೆಟ್ಟಿನ ಮಿತಿ 1500 ಬೈಟ್. ಹೆಸರು-ಪಾಸ್‌ವರ್ಡ್ ಹಾಕಿ ಕೂಡುವ ಪಿಪಿಪಿಒಇ ಫೈಬರಿನಲ್ಲಿ 8 ಬೈಟ್ ಕಳೆದು 1492 ಉಳಿಯುತ್ತದೆ. ವೈರ್‌ಗಾರ್ಡ್ ತಾನಾಗಿ ಒಳಮಿತಿಯನ್ನು 1420 ಎಂದು ಇಡುತ್ತದೆ. ಆಚೆ ತುದಿ ನಾಲ್ಕನೇ ಆವೃತ್ತಿಯ ವಿಳಾಸವಾದರೆ ಲಕೋಟೆಗೆ 60 ಬೈಟ್ ಸೇರಿ 1480 ಆಗುತ್ತದೆ, ಫೈಬರಿನಲ್ಲಿ ಹಿಡಿಸುತ್ತದೆ. ಅದೇ ಹೆಸರು ಒಂದು ದಿನ ಆರನೇ ಆವೃತ್ತಿಯ ವಿಳಾಸಕ್ಕೆ ಬಿಡಿಸಿಕೊಂಡರೆ 80 ಬೈಟ್ ಸೇರಿ 1500, ಫೈಬರಿನಲ್ಲಿ ಹಿಡಿಸುವುದಿಲ್ಲ. ಸಣ್ಣ ಸಂದೇಶಗಳು ಹೋಗುತ್ತವೆ, ಕ್ಯಾಮೆರಾದ ಚಿತ್ರ ಅರ್ಧಕ್ಕೆ ನಿಲ್ಲಬಹುದು. ಎರಡೂ ಆವೃತ್ತಿಗಳ ವಿಳಾಸವಿರುವ ಹೆಸರು ಬರೆಯುವವರು ಪಿಪಿಪಿಒಇ ಮೇಲೆ ಒಳಮಿತಿಯನ್ನು 1412ಕ್ಕೆ ಇಳಿಸಿಡುವುದು ಕ್ಷೇಮ.

ಆರನೇ ಆವೃತ್ತಿ ಬಂದರೆ ವಠಾರದ ಸಮಸ್ಯೆಯೇ ಮುಗಿಯುತ್ತದಲ್ಲ ಎಂದು ಕೇಳಬಹುದು. 2016ರಲ್ಲಿ ಶುರುವಾದ ಜಿಯೋ ಮೊದಲಿನಿಂದಲೂ ಆರನೇ ಆವೃತ್ತಿಯ ವಿಳಾಸ ಕೊಡುತ್ತಿದೆ. ಅಲ್ಲೂ ವಿಳಾಸದ ಮೊದಲ ಭಾಗ ಬದಲಾಗಬಹುದು, ಹೊರಗಿನಿಂದ ಬರುವ ಕರೆಯನ್ನು ಫೈರ್‌ವಾಲ್ ತಡೆಯಬಹುದು. ಆದ್ದರಿಂದ ಯಾರು ಯಾರನ್ನು ಕರೆಯಬೇಕು ಎಂಬ ನಿಯಮ ಆಗಲೂ ಉಳಿಯುತ್ತದೆ.

ತೀರ್ಮಾನ

ಇಷ್ಟನ್ನೂ ತೂಗಿ ನೋಡಿದಾಗ ನನಗೆ ಖಚಿತವಾಗಿ ಕಾಣುವುದು ಇದು: ಎಲ್ಲಿದೆ ಎಂಬುದನ್ನು ಹೇಳುವ ವಿಳಾಸಕ್ಕೂ ಯಾರು ಎಂಬುದನ್ನು ಹೇಳುವ ಗುರುತಿಗೂ ಗಂಟು ಹಾಕಬಾರದು. ನಿಲ್ಲುವ ತುದಿಗೆ ಮಾತ್ರ ಜಾಗದ ವಿಳಾಸ ಕೊಡಬೇಕು. ಅಲೆಯುವ ತುದಿಯನ್ನು ಕೀಲಿಯಿಂದ ಗುರುತಿಸಬೇಕು. ಅಲೆಯುವವರೇ ನಿಂತವರನ್ನು ಕರೆಯಬೇಕು.

ತೋಟದ ಲೆಕ್ಕಕ್ಕೆ ಇಳಿಸಿದರೆ ಹೀಗೆ. ಚಿಕ್ಕಮಗಳೂರು ಪೇಟೆಯಲ್ಲಿ ಒಂದು ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟಿ, ಇಲ್ಲವೇ ಬೆಂಗಳೂರು ಅಥವಾ ಮುಂಬೈಯ ಡೇಟಾ ಸೆಂಟರಿನಲ್ಲಿ ಒಂದು ಪುಟ್ಟ ಸರ್ವರ್ ಬಾಡಿಗೆಗೆ ಹಿಡಿದು ಅದನ್ನು ಕೇಂದ್ರ ಮಾಡಿ. ಸ್ವಂತ ಡೊಮೇನಿನಡಿ ಅದಕ್ಕೊಂದು ಹೆಸರಿಡಿ. ತೋಟದ ರೂಟರಿನಲ್ಲಿ ಆ ಹೆಸರು, ಕೇಂದ್ರದ ಕೀಲಿ, 25 ಸೆಕೆಂಡಿನ ಕೂಗು. ಹೆಸರನ್ನು ಮತ್ತೆ ಮತ್ತೆ ಬಿಡಿಸುವ ವ್ಯವಸ್ಥೆ, ಟನಲ್ಲಿನ ಹೊರಗಿರುವ ಡಿಎನ್‌ಎಸ್. ಕೇಂದ್ರದಲ್ಲಿ ತೋಟದ ಕೀಲಿ ಮಾತ್ರ, ವಿಳಾಸದ ಚೌಕ ಖಾಲಿ. ಹಳೆಯ ರೂಟರ್ ಮಾರಿದ ದಿನ, ಕಳುವಾದ ದಿನ, ಅದರ ಕೀಲಿಯನ್ನು ಕೇಂದ್ರದಿಂದ ಅಳಿಸಬೇಕು. ಕೀಲಿಯೇ ಮುಖವಾದ ಮೇಲೆ ಕೀಲಿ ಹಿಡಿದವರೆಲ್ಲ ಮನೆಯವರಾಗುತ್ತಾರೆ.

ಇದಾದ ಮೇಲೆ ಮಳೆಗಾಲ ಹಿಡಿಯುವ ಮೊದಲೇ ಒಂದು ಪರೀಕ್ಷೆ ಮಾಡಬೇಕು. ರೋಹಿಣಿ ಮಳೆಯ ಹೊತ್ತಿಗೆ, ಬಿಸಿಲಿರುವ ಒಂದು ಮಧ್ಯಾಹ್ನ, ಫೈಬರಿನ ತಂತಿಯನ್ನು ಕೈಯಾರೆ ಕೀಳಿ. ಸಿಮ್ಮಿನ ಮೇಲೆ ಟನಲ್ ಮರಳಿ ಬರುವವರೆಗೆ ಗಡಿಯಾರ ನೋಡಿ. ತಂತಿ ಚುಚ್ಚಿ, ಮತ್ತೆ ನೋಡಿ. ರೂಟರ್ ಆರಿಸಿ ಹತ್ತಿಸಿ ನೋಡಿ. ಕೇಂದ್ರದ ಹೆಸರನ್ನು ಬೇರೆ ವಿಳಾಸಕ್ಕೆ ತಿರುಗಿಸಿ, ತೋಟ ಅದನ್ನು ತಾನಾಗಿ ಹುಡುಕಿಕೊಂಡು ಹೋಗುತ್ತದೆಯೇ ನೋಡಿ. ಈ ನಾಲ್ಕರಲ್ಲಿ ಯಾವುದು ಸೋತರೂ ಆಫೀಸಿನ ಮೇಜಿನ ಮೇಲೆ ಕೂತೇ ಸರಿಪಡಿಸಬಹುದು. ಆಗಸ್ಟಿನಲ್ಲಿ ಸೋತರೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದಿರಬಹುದು, ಹೊಳೆ ಸೇತುವೆಯ ಮೇಲೆ ಹರಿಯುತ್ತಿರಬಹುದು. 2019ರ ಆಗಸ್ಟಿನ ಮಳೆ, ಗುಡ್ಡಕುಸಿತಗಳನ್ನು ಮೂಡಿಗೆರೆ ಸೀಮೆಯವರು ಮರೆತಿಲ್ಲ. ಅಂಥ ವಾರದಲ್ಲೇ ತೋಟದಲ್ಲಿರುವವರು ಕ್ಷೇಮವೇ, ಕೆರೆಯ ಏರಿ ನಿಂತಿದೆಯೇ ಎಂದು ತಿಳಿಯಲು ಆ ಟನಲ್ ಬೇಕಾಗಿರುವುದು.

ಕೊನೆಗೆ ಒಂದು ಹಾಳೆ. ಕೇಂದ್ರದ ಹೆಸರು, ಅದರ ಸಂಖ್ಯೆ, ಡೊಮೇನ್ ಯಾರ ಹೆಸರಲ್ಲಿದೆ, ಅದನ್ನು ಯಾವ ತಿಂಗಳು ನವೀಕರಿಸಬೇಕು, ಸಿಮ್ ಯಾರದು ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಮಳೆ ಬರೆದಿಡುವ ಪುಸ್ತಕದೊಳಗೆ ಅಂಟಿಸಿಡಿ. ತೋಟದ ಆಫೀಸಿನಲ್ಲಿ ದಿನವೂ ತೆರೆಯುವ ಪುಸ್ತಕ ಅದು. ರೂಟರ್ ಹಾಕಿದವರು ಊರು ಬಿಟ್ಟಿರಬಹುದು, ರೈಟರು ಬದಲಾಗಿರಬಹುದು. ಆ ಹಾಳೆ ಇದ್ದರೆ ಮುಂದೆ ಬರುವವರಿಗೆ ತುದಿ ಸಿಗುತ್ತದೆ.